ಹಿಮ್ಮಡಿ ನೆಲ ಬಿಟ್ಟ ಮೇಲೆ

ಆ ಬ್ಯಾಲೆ ಹೀಲ್ಸ್ ಜೋಡನ್ನು ಮೊದಲ ಸಲ ಕಾಲಿಗೆ ಹಾಕಿಕೊಂಡ ರಾತ್ರಿ ನಾನು ಮಂಚದಿಂದ ಏಳಲೇ ಇಲ್ಲ. ಕಾಲು ಗಂಟೆ ಹಿಡಿದು ಲೇಸು ಕಟ್ಟಿಕೊಂಡಿದ್ದೆ. ಕಪ್ಪು ಚರ್ಮ ಕಣಕಾಲನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು; ಮುಂದೆ ಬೆರಳುಗಳು ನೆಲಕ್ಕೆ ನೇರವಾಗಿ ಇಳಿದಿದ್ದವು, ಹಿಂದೆ 7 ಇಂಚಿನ ತೆಳ್ಳನೆಯ ಹೀಲು ನಿಂತಿತ್ತು. ಕುಳಿತಲ್ಲಿಂದಲೇ ಸ್ವಲ್ಪ ಭಾರ ಬಿಟ್ಟು ನೋಡಿದೆ. ಆ ಎರಡು ತುದಿಗಳ ಮೇಲೆ ಇಡೀ ಮೈ ಹೇಗೆ ನಿಂತೀತು ಎಂಬುದು ನನಗೆ ಅರ್ಥವೇ ಆಗಲಿಲ್ಲ. ಲೇಸು ಬಿಚ್ಚಿ, ಜೋಡನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟೆ. ಎರಡು ವರ್ಷಗಳ ಹಿಂದಿನ ಮಾತಿದು. ಈಗ ಸರಸ್ವತೀಪುರಂನ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಅದೇ ಜೋಡು ತೊಟ್ಟು, ಗೋಡೆ ಹಿಡಿಯದೆ, 20 ನಿಮಿಷ ನಡೆಯುತ್ತೇನೆ, ತಿರುಗುತ್ತೇನೆ, ಕುರ್ಚಿಯಲ್ಲಿ ಕುಳಿತು ಏಳುತ್ತೇನೆ. ಈ ಎರಡು ವರ್ಷಗಳಲ್ಲಿ ನನಗೆ ನಡಿಗೆ ಕಲಿಸಿದವರು ಯಾರು, ಯಾವುದು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು ಎನ್ನಿಸಿದೆ.

ನಾನು ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಸಂಜೆಯ ಹೊತ್ತು ಹವ್ಯಾಸಿ ತಂಡವೊಂದರ ಜೊತೆ ನಾಟಕವಾಡುತ್ತೇನೆ. ಮಕ್ಕಳಿಗಾಗಿ ಕಟ್ಟುತ್ತಿದ್ದ ನಾಟಕದಲ್ಲಿ ನನಗೆ ಬಣ್ಣದ ಕೊಕ್ಕರೆಯ ಪಾತ್ರ ಬಂತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಮನೆಗಳ ನಡುವಿನ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆಗಳ ಜೊತೆ ಗೂಡು ಕಟ್ಟುವ ಹಕ್ಕಿ ಅದು. ವೇಷಭೂಷಣದ ಹೊಣೆ ಹೊತ್ತಿದ್ದ ಹುಡುಗಿ ಒಂದು ಸಂಜೆ ಕೇಳಿದಳು: "ಅಕ್ಕಾ, ಕೊಕ್ಕರೆ ಮಂಡಿ ಹಿಂದಕ್ಕೆ ಮಡಚುತ್ತಲ್ಲಾ, ಅದನ್ನ ವೇದಿಕೆ ಮೇಲೆ ಹೇಗೆ ತೋರಿಸೋದು?" ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುವ ಉತ್ತರವನ್ನೇ ಹೇಳಿದೆ. ಹಿಂದಕ್ಕೆ ಮಡಚುವಂತೆ ಕಾಣುವ ಆ ಕೀಲು ಹಕ್ಕಿಯ ಮಂಡಿಯಲ್ಲ. ಅದು ಅದರ ಹಿಮ್ಮಡಿಯ ಗಂಟು. ನಿಜವಾದ ಮಂಡಿ ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಹಕ್ಕಿ ತನ್ನ ಜೀವಮಾನವನ್ನೆಲ್ಲ ಬೆರಳುಗಳ ಮೇಲೆಯೇ ನಿಂತು ಕಳೆಯುತ್ತದೆ, ಅದರ ಹಿಮ್ಮಡಿ ನೆಲ ಮುಟ್ಟುವುದು ಅಪರೂಪ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಿಮ್ಮ ಹಿಮ್ಮಡೀನೂ ಮೇಲಕ್ಕೆ ಎತ್ತಿಬಿಡೋಣ" ಎಂದಳು. ಬ್ಯಾಲೆ ಹೀಲ್ಸ್ ಎಂಬ ಹೆಸರನ್ನು ನನಗೆ ಹೇಳಿದವಳು ಅವಳೇ.

ನಾಟಕ ನೆಪವಾಯಿತು, ಆಸೆ ಮಾತ್ರ ಹಳೆಯದು. ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕಲು ತುದಿಗಾಲಲ್ಲಿ ನಿಂತ ಮಗುವಾಗಿದ್ದಾಗಿನಿಂದಲೂ ಆ ಭಂಗಿಯಲ್ಲಿ ಮೈ ಉದ್ದವಾಗುವ ಸುಖವನ್ನು ನಾನು ಪ್ರೀತಿಸಿದ್ದೇನೆ. ಅದನ್ನು ಮುಚ್ಚಿಟ್ಟು, ಕಲೆಗಾಗಿ ಕಷ್ಟಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ.

ಈ ಜೋಡನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಸಾಮಾನ್ಯ ಹೈ ಹೀಲ್ಸ್‌ನಲ್ಲಿ ಹಿಮ್ಮಡಿ ಎಷ್ಟೇ ಮೇಲೆದ್ದರೂ ಬೆರಳುಗಳು ಮತ್ತು ಮುಂಗಾಲಿನ ಮೆತ್ತೆ ನೆಲದ ಮೇಲೆ ಚಪ್ಪಟೆಯಾಗಿಯೇ ಇರುತ್ತವೆ. ಬ್ಯಾಲೆ ಹೀಲ್ಸ್‌ನಲ್ಲಿ ಅದೂ ಇಲ್ಲ; ಪಾದ ಹೆಚ್ಚುಕಡಿಮೆ ಲಂಬವಾಗಿ ಇಳಿದು ಬೆರಳ ತುದಿಯಲ್ಲಿ ನಿಲ್ಲುತ್ತದೆ. ನೋಡಲು ಬ್ಯಾಲೆ ನರ್ತಕಿಯರ ಪಾಯಿಂಟ್ ಶೂಗೆ ಹೀಲು ಜೋಡಿಸಿದಂತೆ ಕಾಣುತ್ತದೆ. ಆದರೆ ಎರಡಕ್ಕೂ ಇರುವ ವ್ಯತ್ಯಾಸವನ್ನು ತಿಳಿಯದೆ ಕಾಲಿಡಬಾರದು. ಮರೀ ಟಾಲ್ಯೋನಿ 1832ರಲ್ಲಿ ಪ್ಯಾರಿಸ್ಸಿನ ವೇದಿಕೆಯಲ್ಲಿ ತುದಿಬೆರಳ ಮೇಲೆ ನರ್ತಿಸಿ ಹೆಸರಾದಾಗ ಆಕೆ ತೊಟ್ಟದ್ದು ತುದಿಗೆ ದಾರದ ಹೊಲಿಗೆ ಹಾಕಿ ಗಟ್ಟಿ ಮಾಡಿಕೊಂಡ ಮೆತ್ತನೆಯ ಸ್ಯಾಟಿನ್ ಜೋಡು. ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಿಂದ ಗಟ್ಟಿಗೊಳಿಸಿದ ಮೂತಿ, ಅಂಗಾಲಿಗೆ ಬೆನ್ನೆಲುಬಿನಂತಿರುವ ಪಟ್ಟಿ, ಇವೆಲ್ಲ ಆಮೇಲೆ ಬಂದವು. ಪಾಯಿಂಟ್ ಶೂ ತೊಟ್ಟವಳು ತುದಿಗೆ ಏರುತ್ತಾಳೆ, ಇಳಿಯುತ್ತಾಳೆ; ಒಂದೇ ನಿಮಿಷದಲ್ಲಿ ಹಲವು ಸಲ ಅವಳ ಹಿಮ್ಮಡಿ ನೆಲವನ್ನು ಕಂಡು ಬರುತ್ತದೆ. ಬ್ಯಾಲೆ ಹೀಲ್ಸ್ ತೊಟ್ಟವಳಿಗೆ ಇಳಿಯುವ ದಾರಿಯಿಲ್ಲ. ಹೀಲು ಆಸರೆಯಾಗಿ ನಿಂತಿದೆ ಎನ್ನಿಸುತ್ತದೆ, ನಿಜ. ಅದೇ ಹೀಲು ಪಾದವನ್ನು ಮೇಲೆಯೇ ಹಿಡಿದಿಟ್ಟಿರುತ್ತದೆ. ಲೇಸು ಬಿಚ್ಚುವವರೆಗೂ ಮೀನಖಂಡಕ್ಕೆ ಬಿಡುವಿಲ್ಲ, ಬೆರಳುಗಳಿಗೆ ಬಿಡುವಿಲ್ಲ. ಇಷ್ಟು ತೆಳ್ಳನೆಯ ಹೀಲು ಭಾರ ಹೊರುವಂತಾದದ್ದು 1950ರ ದಶಕದಲ್ಲಿ ಅದರೊಳಗೆ ಲೋಹದ ಸರಳು ಕೂರಿಸುವ ವಿಧಾನ ಬಂದ ಮೇಲೆ. ಬರಿಯ ಮರದಿಂದ ಅಂಥದ್ದನ್ನು ಮಾಡಿದ್ದರೆ ಮುರಿದು ಬೀಳುತ್ತಿತ್ತು.

ಎತ್ತರದ ಮೋಹ ಮಾತ್ರ ಈ ಕಾಲದ್ದಲ್ಲ. ವೆನಿಸ್ಸಿನ ಶ್ರೀಮಂತ ಹೆಂಗಸರು ಶತಮಾನಗಳ ಹಿಂದೆ ಮೊಳದುದ್ದದ ಅಟ್ಟೆಯ ಮೇಲೆ ಸೇವಕಿಯರ ಹೆಗಲು ಹಿಡಿದು ನಡೆಯುತ್ತಿದ್ದರು. ಬ್ರಿಟಿಷ್ ಫ್ಯಾಷನ್ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ 2009ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ, ಸುಮಾರು 30 ಸೆಂಟಿಮೀಟರ್ ಎತ್ತರದ 'ಆರ್ಮಡಿಲ್ಲೋ' ಜೋಡಿನ ಹೊರ ಆಕಾರವೂ ತುದಿಬೆರಳ ಮೇಲೆ ನಿಂತ ಪಾದದ್ದೇ. ಇವನ್ನೆಲ್ಲ ನಾನು ಪೆಟ್ಟಿಗೆ ಬೀರುವಿನ ಮೇಲಿದ್ದ ದಿನಗಳಲ್ಲಿ ಓದಿಕೊಂಡೆ. ಓದಿದ್ದರಿಂದ ಧೈರ್ಯವೇನೂ ಬರಲಿಲ್ಲ.

ಧೈರ್ಯ ಬಂದದ್ದು ಬರಿಗಾಲಿನಿಂದ. ಮೊದಲ ಮೂರು ತಿಂಗಳು ನಾನು ಜೋಡನ್ನು ಮುಟ್ಟಲಿಲ್ಲ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ ಎಂದು ಮಕ್ಕಳಿಗೆ ಹೇಳುವ ನಾನು ನನ್ನ ಸ್ವಂತ ಪಾದ ಎಲ್ಲಿಯವರೆಗೆ ಬಾಗುತ್ತದೆ ಎಂಬುದನ್ನು ಎಂದೂ ನೋಡಿಕೊಂಡಿರಲಿಲ್ಲ. ಬ್ಯಾಲೆ ಕಲಿಸುವವರು ಹುಡುಗಿಯರನ್ನು ತುದಿಬೆರಳಿಗೆ ಏರಿಸುವ ಮುನ್ನ ಮಾಡುವ ಒಂದು ಸರಳ ಪರೀಕ್ಷೆಯಿದೆ. ಕಾಲು ಚಾಚಿ ಕುಳಿತು, ಪಾದವನ್ನು ಸಾಧ್ಯವಾದಷ್ಟು ಮುಂದಕ್ಕೆ ಬಾಗಿಸಿ, ಮೊಳಕಾಲಿನ ಕೆಳಗಿನ ಎಲುಬು ಪಾದವನ್ನು ಕೂಡುವಲ್ಲಿ ಒಂದು ಪೆನ್ಸಿಲ್ ಮಲಗಿಸುವುದು. ಪೆನ್ಸಿಲ್ ಎರಡೂ ಕಡೆ ತಾಗಿ ಚಪ್ಪಟೆಯಾಗಿ ಕುಳಿತರೆ ಕಾಲಿನ ರೇಖೆ ನೇರವಾಗಿದೆ ಎಂದರ್ಥ. ನನ್ನದು ಒಂದು ಬೆರಳಿನಷ್ಟು ಎತ್ತಿಕೊಂಡೇ ಇತ್ತು. ಆ ಅಂತರ ಮಾಂಸಖಂಡದ ಬಿಗಿತದಿಂದ ಬಂದದ್ದಾದರೆ ದಿನದಿನದ ಅಭ್ಯಾಸದಿಂದ ಕರಗುತ್ತದೆ. ಹಿಮ್ಮಡಿಯ ಹಿಂಭಾಗದಲ್ಲಿ ಎಲುಬಿಗೆ ಎಲುಬು ತಾಗಿ ನಿಂತಿದ್ದರೆ ಯಾವ ಅಭ್ಯಾಸದಿಂದಲೂ ಕರಗುವುದಿಲ್ಲ, ಒತ್ತಾಯ ಮಾಡಿದರೆ ಹಿಂದೆ ಚುಚ್ಚುವ ನೋವು ಬರುತ್ತದೆ. ನನ್ನ ಪುಣ್ಯ, ನನ್ನದು ಬಿಗಿತ ಮಾತ್ರವಾಗಿತ್ತು. ಇದನ್ನು ಪರೀಕ್ಷಿಸಿಕೊಳ್ಳದೆ ಜೋಡು ತರಿಸಿಕೊಳ್ಳುವವರಿಗೆ ನಾನು ಕೈಮುಗಿದು ಹೇಳುವ ಮಾತೆಂದರೆ, ಮೊದಲು ಪೆನ್ಸಿಲ್ ಇಟ್ಟು ನೋಡಿ.

ದಿನಾ ಬೆಳಿಗ್ಗೆ ಅನ್ನಕ್ಕಿಟ್ಟ ಕುಕ್ಕರ್ ಮೂರು ಸಲ ಕೂಗುವವರೆಗೆ ಅಡುಗೆಮನೆಯ ಹೊಸ್ತಿಲಿನ ಮೇಲೆ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಎರಡು ಹಿಮ್ಮಡಿಗಳ ನಡುವೆ ಟೆನಿಸ್ ಚೆಂಡೊಂದನ್ನು ಹಿಡಿದಿಟ್ಟುಕೊಂಡರೆ ಪಾದದ ಗಂಟು ಹೊರಕ್ಕೆ ವಾಲುವುದಿಲ್ಲ. ಚೆಂಡು ಬಿತ್ತೆಂದರೆ ಕಾಲು ಎಲ್ಲಿ ಮೋಸ ಮಾಡಿತು ಎಂಬುದು ಆ ಕ್ಷಣವೇ ತಿಳಿಯುತ್ತದೆ. ಆಮೇಲೆ ನೆಲದ ಮೇಲೆ ಹಾಸಿದ ಟವೆಲನ್ನು ಬೆರಳುಗಳಿಂದಲೇ ಮುದುರಿ ಹತ್ತಿರಕ್ಕೆ ಎಳೆದುಕೊಳ್ಳುವುದು, ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜುವುದು. ಮೂರನೆಯ ತಿಂಗಳ ಕೊನೆಗೆ ಪೆನ್ಸಿಲ್ ಮಲಗಿತು.

ಇಷ್ಟಾದ ಮೇಲೆ ಎದುರಾದದ್ದು ನಾನು ನಿರೀಕ್ಷಿಸದಿದ್ದ ತೊಡಕು. ಹನ್ನೆರಡು ವರ್ಷ ನಾನು ಭರತನಾಟ್ಯ ಕಲಿತವಳು. ಜಟ್ಟಿ ತಾಯಮ್ಮ ಮತ್ತು ಕೆ. ವೆಂಕಟಲಕ್ಷಮ್ಮನವರ ಮೈಸೂರು ಶೈಲಿಯ ಬಗ್ಗೆ ಅಪಾರ ಗೌರವವಿದ್ದ ಗುರುಗಳು ನಮಗೆ ಮೊದಲು ಕಲಿಸಿದ್ದು ಅರೆಮಂಡಿ, ತಟ್ಟಡವು. ಮಂಡಿ ಮಡಚಿ, ಮೈಭಾರವನ್ನು ಕೆಳಕ್ಕೆ ಇಳಿಸಿ, ಅಂಗಾಲನ್ನು ಪೂರ್ತಿಯಾಗಿ ನೆಲಕ್ಕೆ ಬಡಿಯಬೇಕು. ನೆಲವನ್ನು ನಂಬುವ ನೃತ್ಯ ಅದು. ಜೋಡು ತೊಟ್ಟು ಗೋಡೆ ಹಿಡಿದು ನಿಂತ ಮೊದಲ ದಿನ ನನ್ನ ಮೈಗೆ ಭಯವಾದ ಕೂಡಲೇ ಮಂಡಿಗಳು ತಾವಾಗಿ ಅರೆಮಂಡಿಗೆ ಇಳಿದವು. ಆ ಎತ್ತರದಲ್ಲಿ ಮಂಡಿ ಮುಂದಕ್ಕೆ ಮಡಚಿದರೆ ಸೊಂಟ ಹಿಂದಕ್ಕೆ ಹೋಗುತ್ತದೆ, ಭಾರವೆಲ್ಲ ಹೀಲಿನ ಮೇಲೆ ಬೀಳುತ್ತದೆ, ಹೀಲು ಜಾರುತ್ತದೆ. ಹನ್ನೆರಡು ವರ್ಷ ನನ್ನನ್ನು ಕಾಪಾಡಿದ ಅಭ್ಯಾಸವೇ ಈಗ ನನ್ನನ್ನು ಬೀಳಿಸುತ್ತಿತ್ತು.

ಆದರೂ ದಾರಿ ತೋರಿಸಿದ್ದು ಅದೇ ವಿದ್ಯೆ. ನಾಟ್ಯಶಾಸ್ತ್ರ ಪಾದದ ಐದು ಭೇದಗಳನ್ನು ಹೇಳುತ್ತದೆ: ಉದ್ಘಟ್ಟಿತ, ಸಮ, ಅಗ್ರತಲಸಂಚರ, ಅಂಚಿತ, ಕುಂಚಿತ. ಉದ್ಘಟ್ಟಿತದಲ್ಲಿ ಮುಂಗಾಲಿನ ಮೇಲೆ ನಿಂತು ಆಮೇಲೆ ಹಿಮ್ಮಡಿಯನ್ನು ಇಳಿಸುವುದು. ಅಗ್ರತಲಸಂಚರದಲ್ಲಿ ಹಿಮ್ಮಡಿ ಎತ್ತಿಯೇ ಇರುತ್ತದೆ. ಚಿಕ್ಕಂದಿನಲ್ಲಿ ಕುದಿತ್ತ ಮೆಟ್ಟಡವು ಮಾಡುವಾಗ ತುದಿಗಾಲಿಗೆ ನೆಗೆದು ಮರುಕ್ಷಣ ಹಿಮ್ಮಡಿ ಬಡಿಯುತ್ತಿದ್ದೆವಲ್ಲ, ಆ ನೆಗೆತ ಮತ್ತು ಬಡಿತದ ನಡುವೆ ಒಂದು ಕ್ಷಣ ಮೈಯೆಲ್ಲ ಮೇಲಕ್ಕೆ ಸೆಳೆದಂತಾಗಿ ಸೊಂಟ, ಮಂಡಿ, ಗಂಟು ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದವು. ಗೋಡೆ ಹಿಡಿದುಕೊಂಡೇ ಆ ಕ್ಷಣವನ್ನು ಹುಡುಕತೊಡಗಿದೆ. ಹೊಟ್ಟೆಯನ್ನು ಒಳಕ್ಕೆಳೆದು, ಮಂಡಿಯನ್ನು ಬಿಗಿದು ಬೀಗ ಹಾಕದೆ ಆದರೆ ನೇರವಾಗಿಟ್ಟು, ಕಿವಿ, ಭುಜ, ಸೊಂಟಗಳನ್ನು ಪಾದದ ತುದಿಯ ಮೇಲೆ ಒಂದರ ಮೇಲೊಂದು ಜೋಡಿಸಿದಾಗ ಭಾರ ಥಟ್ಟನೆ ಹಗುರವಾದಂತೆ ಅನ್ನಿಸಿತು. ಎರಡು ಸೆಕೆಂಡು. ಮರುದಿನ ನಾಲ್ಕು.

ನಿಲ್ಲುವುದನ್ನು ಪೂರ್ತಿ ಕಲಿತೇ ನಡೆಯಬೇಕೆಂದು ನಾನು ಹಟ ಹಿಡಿದಿದ್ದೆ. ಅಲ್ಲಿಯೇ ಒಂದು ತಿಂಗಳು ಸಿಕ್ಕಿಹಾಕಿಕೊಂಡೆ. ಅದರಿಂದ ಬಿಡಿಸಿದವರು ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪ. ವಯಸ್ಸಿನಲ್ಲಿ ಅವರು ಮರಗಾಲು ಕುಣಿತದವರು. ಮೊಳಕಾಲಿನವರೆಗೆ ಬಟ್ಟೆ ಸುತ್ತಿ, ಮರದ ಕಾಲು ಕಟ್ಟಿಕೊಂಡು, ದಸರೆಯ ಮೆರವಣಿಗೆಯಲ್ಲಿ ಜನರ ತಲೆಯ ಮೇಲೆ ನಡೆದು ಹೋದಂತೆ ನಡೆದವರು. ಯುಗಾದಿಗೆ ಊರಿಗೆ ಹೋದಾಗ ಪೆಟ್ಟಿಗೆಯನ್ನೂ ಒಯ್ದಿದ್ದೆ. ನಾನು ಜಗಲಿಯ ಕಂಬ ಹಿಡಿದು ನಿಂತು ತೋರಿಸಿದೆ. ಅವರು ಜೋಡಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ನನ್ನ ಸೊಂಟವನ್ನೇ ನೋಡುತ್ತಿದ್ದರು.

"ಯಾಕವ್ವ ನಿಂತ್ಕಂಡಿದ್ದೀಯ?" ಎಂದರು.

"ನಿಲ್ಲೋದು ಕಲೀತಿದ್ದೀನಿ ದೊಡ್ಡಪ್ಪ."

"ನಿಂತ್ರೆ ಬೀಳ್ತೀಯ ಕಣವ್ವ. ಮರಗಾಲು ಕಟ್ಕೊಂಡೋನು ಯಾವತ್ತೂ ನಿಲ್ಲಬಾರ್ದು. ಒಂದೇ ತಾವ್ನಲ್ಲಿ ಇದ್ರೂ ಸರಿ, ಕಾಲಾಡಿಸ್ತಾನೇ ಇರ್ಬೇಕು. ಕೆಳಕ್ ನೋಡ್ಬ್ಯಾಡ. ಅಲ್ಲಿ ತೆಂಗಿನ ಗರಿ ಐತಲ್ಲ, ಅದ್ನ ನೋಡ್ಕೊಂಡು ಬಾ."

ಕಂಬ ಬಿಟ್ಟೆ. ತೆಂಗಿನ ಗರಿಯನ್ನು ನೋಡುತ್ತಾ ಗೇಣಿನಷ್ಟು ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಏಳು ಹೆಜ್ಜೆ ನಡೆದೆ. ಎಂಟನೆಯದಕ್ಕೆ ದೊಡ್ಡಪ್ಪ ಮೊಳಕೈ ಹಿಡಿದುಕೊಂಡರು.

ಆ ಮಾತಿನ ಹಿಂದಿರುವ ಕಾರಣ ನನಗೆ ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು. ಬರಿಗಾಲಿನಲ್ಲಿ ಸುಮ್ಮನೆ ನಿಂತಾಗಲೂ ನಮ್ಮ ಮೈ ಸದಾ ಸಣ್ಣಗೆ ತೂಗುತ್ತಿರುತ್ತದೆ. ಆ ತೂಗಾಟವನ್ನು ನಮಗೆ ಗೊತ್ತಿಲ್ಲದಂತೆ ಸರಿಪಡಿಸುವುದು ಪಾದದ ಗಂಟು. ಬ್ಯಾಲೆ ಹೀಲ್ಸ್‌ನಲ್ಲಿ ಆ ಗಂಟು ಚರ್ಮ ಮತ್ತು ಲೇಸಿನ ನಡುವೆ ಬಂಧಿ. ಅದು ಮಾಡುತ್ತಿದ್ದ ಕೆಲಸವನ್ನು ಸೊಂಟ ಮಾಡಬೇಕು, ಅಥವಾ ಒಂದು ಹೊಸ ಹೆಜ್ಜೆ ಮಾಡಬೇಕು. ತೂಗಿದ ಕಡೆಗೆ ಪುಟ್ಟ ಹೆಜ್ಜೆಯೊಂದನ್ನು ಇಟ್ಟರೆ ಬೀಳಬೇಕಾದ ಮೈ ಮತ್ತೆ ಆಧಾರದ ಮೇಲೆ ಬಂದು ಕೂರುತ್ತದೆ. ನಿಲ್ಲುವುದನ್ನು ಕಲಿತ ಮೇಲೆ ನಡೆಯುತ್ತೇನೆ ಎಂದುಕೊಂಡಿದ್ದ ನಾನು, ನಡೆಯುವುದನ್ನು ಕಲಿತೇ ನಿಲ್ಲಬೇಕಾಗಿತ್ತು. ಈಗ ನಾನು 'ನಿಂತಿದ್ದೇನೆ' ಎಂದು ನೋಡುವವರಿಗೆ ಅನ್ನಿಸುವಾಗಲೂ ನನ್ನ ಪಾದಗಳು ಒಂದಾದ ಮೇಲೊಂದು ಭಾರ ಬದಲಾಯಿಸಿಕೊಳ್ಳುತ್ತಿರುತ್ತವೆ.

ದೊಡ್ಡಪ್ಪ ಇನ್ನೊಂದನ್ನೂ ಕಲಿಸಿದರು: ಬೀಳುವುದು. ಕೈ ಚಾಚಿ ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಬೀಳುವುದು ಖಂಡಿತವೆಂದಾದಾಗ ಹೋರಾಡದೆ ಮಂಡಿ ಸಡಿಲಿಸಿ ಪಕ್ಕಕ್ಕೆ ಕುಂಡೆಯ ಮೇಲೆ ಕುಳಿತುಬಿಡಬೇಕು. ಹುಲ್ಲಿನ ಮೆದೆಯ ಪಕ್ಕ, ಬರಿಗಾಲಿನಲ್ಲಿ, ಅರವತ್ತೆಂಟು ವರ್ಷದ ಅವರು ತಾವೇ ಬಿದ್ದು ತೋರಿಸಿದರು.

ಹೆಜ್ಜೆ ಇಡುವ ಬಗೆಯನ್ನು ಮಾತ್ರ ನಾನು ಕೊಕ್ಕರೆಗಳಿಂದಲೇ ಪಡೆದೆ. ಪಾತ್ರಕ್ಕಾಗಿ ನೋಡಬೇಕೆಂದು ತಂಡದವರೆಲ್ಲ ಒಂದು ಬೆಳಿಗ್ಗೆ ಬೆಳ್ಳೂರಿಗೆ ಹೋಗಿದ್ದೆವು. ಮರದ ಮೇಲಿನ ಗದ್ದಲವನ್ನು ಉಳಿದವರು ನೋಡುತ್ತಿರುವಾಗ ನಾನು ಊರಾಚೆ ಆಳವಿಲ್ಲದ ನೀರಿನಲ್ಲಿ ಮೇಯುತ್ತಿದ್ದ ಒಂದೇ ಒಂದು ಹಕ್ಕಿಯನ್ನು ಒಂದು ಗಂಟೆ ನೋಡಿದೆ. ನಾವು ನಡೆಯುವಾಗ ಹಿಮ್ಮಡಿಯನ್ನು ಮೊದಲು ಊರಿ, ಅಂಗಾಲನ್ನು ಉರುಳಿಸಿ, ಬೆರಳಿನಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ. ಕೊಕ್ಕರೆ ಏನನ್ನೂ ತಳ್ಳುವುದಿಲ್ಲ. ಕಾಲನ್ನು ನೇರವಾಗಿ ಮೇಲಕ್ಕೆತ್ತುತ್ತದೆ, ಬೆರಳುಗಳನ್ನು ಮಡಚಿಕೊಳ್ಳುತ್ತದೆ, ಒಂದು ಕ್ಷಣ ತಡೆದು ನೇರವಾಗಿ ಕೆಳಗೆ ಇಡುತ್ತದೆ, ಅದು ಕೂತಿತೆಂದು ಖಚಿತವಾದ ಮೇಲೆಯೇ ಮೈಯನ್ನು ಅದರ ಮೇಲಕ್ಕೆ ತರುತ್ತದೆ. ನನ್ನ ಜೋಡಿಗೆ ಬೇಕಾಗಿದ್ದದ್ದು ನಿಖರವಾಗಿ ಇದೇ. ಹೀಲನ್ನು ಮೊದಲು ಊರಿದರೆ ಅದು ಮುಂದಕ್ಕೆ ಜಾರುತ್ತದೆ. ಮೂತಿಯನ್ನು ಮೊದಲು ಊರಿದರೆ ಬೆರಳುಗಳಿಗೆ ಪೆಟ್ಟಾಗುತ್ತದೆ. ಎರಡೂ ಒಂದೇ ಕ್ಷಣಕ್ಕೆ ನೆಲ ಮುಟ್ಟಬೇಕು. ತೊಡೆಯಿಂದ ಎತ್ತಬೇಕು, ನೇರ ಇಳಿಸಬೇಕು, ಆಮೇಲೆ ಭಾರ ಕೊಡಬೇಕು. ಸದ್ದಿನಿಂದ ಇದನ್ನು ಪರೀಕ್ಷಿಸಬಹುದು. ನಮ್ಮ ಮನೆಯ ಕೆಂಪು ಗಾರೆಯ ನೆಲದ ಮೇಲೆ ತಪ್ಪಾದ ಹೆಜ್ಜೆ 'ಟಕ್-ಟುಕ್' ಎಂದು ಎರಡು ಸದ್ದು ಮಾಡುತ್ತದೆ, ಸರಿಯಾದದ್ದು ಒಂದೇ ಸದ್ದು. ಎಷ್ಟೋ ಸಂಜೆ ನಾನು ದೀಪ ಆರಿಸಿ, ಗೋಡೆಗೆ ಬೆರಳು ತಾಗಿಸಿಕೊಂಡು, ಆ ಒಂದು ಸದ್ದಿಗಾಗಿ ಕಿವಿಗೊಟ್ಟು ನಡೆದಿದ್ದೇನೆ. ಪಕ್ಕದ ಕೋಣೆಯಲ್ಲಿ ಅಮ್ಮ ಧಾರಾವಾಹಿಯ ಸದ್ದನ್ನು ತಗ್ಗಿಸಿ, "ಈಗ ಸರಿ ಬಂತು ನೋಡು" ಎಂದು ಅಲ್ಲಿಂದಲೇ ಹೇಳುವ ಮಟ್ಟಕ್ಕೆ ಅವರ ಕಿವಿಯೂ ಪಳಗಿತು.

ಇಷ್ಟು ಬಂದ ಮೇಲೆ ನಾನು ತಪ್ಪು ಮಾಡಿದೆ. ನನಗೆ ನಾನೇ ಹಾಕಿಕೊಂಡಿದ್ದ ಮಿತಿ ಆಗ 15 ನಿಮಿಷ. ಒಂದು ಭಾನುವಾರ ಹುಮ್ಮಸ್ಸಿನಲ್ಲಿ ಅರ್ಧ ಗಂಟೆ ದಾಟಿದೆ. ಬೆರಳುಗಳಿಗೆ ಜೋಮು ಹಿಡಿದಿತ್ತು, ಅದನ್ನೇ ನಾನು ಆರಾಮ ಎಂದುಕೊಂಡೆ. ಒರೆಸಿ ಇನ್ನೂ ಒಣಗದ ನೆಲದ ಮೇಲೆ ತಿರುಗುವಾಗ ಎಡಗಾಲು ಹೊರಕ್ಕೆ ಹೊರಳಿತು. ದೊಡ್ಡಪ್ಪ ಕಲಿಸಿದಂತೆ ಕುಳಿತುಬಿಟ್ಟೆನಾದ್ದರಿಂದ ಮೂಳೆ ಮುರಿಯಲಿಲ್ಲ. ಗಂಟು ಉಳುಕಿ, ಸಂಜೆಯ ಹೊತ್ತಿಗೆ ಬದನೆಕಾಯಿಯಂತೆ ಊದಿಕೊಂಡಿತು.

ಫಿಸಿಯೋಥೆರಪಿಸ್ಟ್ ಒಬ್ಬರು ಆಗ ಹೇಳಿದ ವಿಷಯ ನಾನು ಪುಸ್ತಕದಲ್ಲಿ ಓದಿಯೂ ನನ್ನ ಕಾಲಿಗೆ ಅನ್ವಯಿಸಿಕೊಳ್ಳದೆ ಇದ್ದದ್ದು. ಗಂಟಿನೊಳಗೆ ಕೂರುವ ಟೇಲಸ್ ಎಂಬ ಮೂಳೆಯ ಮೇಲ್ಭಾಗ ಮುಂದೆ ಅಗಲ, ಹಿಂದೆ ಕಿರಿದು. ಪಾದ ಚಪ್ಪಟೆಯಾಗಿದ್ದಾಗ ಅಗಲವಾದ ಭಾಗ ಎರಡು ಎಲುಬುಗಳ ನಡುವೆ ಬೆಣೆಯಂತೆ ಬಿಗಿಯಾಗಿ ಕೂರುತ್ತದೆ. ಪಾದವನ್ನು ಚಾಚಿದಾಗ ಕಿರಿದಾದ ಭಾಗ ಅಲ್ಲಿಗೆ ಬರುತ್ತದೆ, ಕೀಲು ಸಡಿಲವಾಗುತ್ತದೆ. ಅಂದರೆ ತುದಿಬೆರಳಿನ ಮೇಲೆ ನಿಂತ ಪಾದಕ್ಕೆ ಎಲುಬಿನ ಭದ್ರತೆ ಕಡಿಮೆ; ಅದನ್ನು ಹಿಡಿದಿರುವುದು ಹೆಚ್ಚಾಗಿ ಪಕ್ಕದ ಅಸ್ಥಿರಜ್ಜುಗಳು ಮತ್ತು ಸ್ನಾಯುಗಳು, ಸ್ನಾಯುಗಳು ದಣಿದರೆ ಉಳಿದ ಆಸರೆಯೂ ಕುಗ್ಗುತ್ತದೆ. ಆರು ವಾರ ಜೋಡು ಮತ್ತೆ ಬೀರುವಿನ ಮೇಲೇರಿತು. ಊತ ಇಳಿದ ಮೇಲೆ ದಿಂಬಿನ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದರಿಂದ ಮತ್ತೆ ಶುರು. ಅಂದಿನಿಂದ ಜೋಮು ಬಂದ ಕೂಡಲೇ ಲೇಸು ಬಿಚ್ಚುವುದು ನನಗೆ ನಿಯಮ, ನೋವಿಗಿಂತ ಜೋಮಿಗೆ ನಾನು ಹೆಚ್ಚು ಹೆದರುತ್ತೇನೆ. ಬಿಚ್ಚಿದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ಹಿಮ್ಮಡಿಯನ್ನು ಕೆಳಗಿಳಿಸಿ ಮೀನಖಂಡವನ್ನು ಎಳೆಯುವುದನ್ನೂ ಒಂದು ದಿನವೂ ತಪ್ಪಿಸುವುದಿಲ್ಲ. ವರ್ಷಗಟ್ಟಲೆ ಹೈ ಹೀಲ್ಸ್ ತೊಟ್ಟವರ ಮೀನಖಂಡದ ಎಳೆಗಳು ಮೊಟಕಾಗಿ, ಹಿಮ್ಮಡಿಯ ಹುರಿ ಗಡಸಾಗಿರುವುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸಾಮಾನ್ಯ ಹೀಲಿನ ಕಥೆಯೇ ಅದಾದರೆ ಇದರದ್ದನ್ನು ಊಹಿಸಿಕೊಳ್ಳಬಹುದು.

ಅಳತೆಯ ವಿಷಯದಲ್ಲಿ ನಾನು ಕಲಿತದ್ದು ಚಿಕ್ಕದು, ಆದರೆ ನೋವಿನ ಮುಕ್ಕಾಲು ಪಾಲು ಅಲ್ಲಿತ್ತು. ಜೋಡು ಸಡಿಲವಾಗಿದ್ದರೆ ಪಾದ ಒಳಗೆ ಜಾರಿ ಇಡೀ ಮೈಭಾರ ಬೆರಳುಗಳ ಉಗುರಿನ ಮೇಲೆ ಬೀಳುತ್ತದೆ. ಗಂಟಿನ ಸುತ್ತ ಲೇಸು ಬಿಗಿಯಾಗಿದ್ದರೆ ಆ ಬಿಗಿತವೇ ಪಾದವನ್ನು ಮೇಲಕ್ಕೆ ಹಿಡಿದುಕೊಳ್ಳುತ್ತದೆ, ಬೆರಳುಗಳಿಗೆ ಬರುವ ಭಾರ ಕಡಿಮೆಯಾಗುತ್ತದೆ. ಹೆಬ್ಬೆರಳಿಗಿಂತ ನನ್ನ ಎರಡನೆಯ ಬೆರಳು ಸ್ವಲ್ಪ ಉದ್ದ. ಮದುವೆಯಾದ ಮೇಲೆ ಗಂಡನ ಮೇಲೆ ಜೋರು ಮಾಡುತ್ತಾಳೆ ಎಂದು ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ ಬೆರಳು. ಒಳಗೆ ಮೊದಲು ನೆಲ ಮುಟ್ಟುವುದು ಅದೇ ಆದ್ದರಿಂದ ಅದಕ್ಕೊಂದೇ ಭಾರ ಬೀಳದ ಹಾಗೆ ಉಳಿದ ಬೆರಳುಗಳ ಕೆಳಗೆ ಉಣ್ಣೆ ಮತ್ತು ಸಿಲಿಕೋನ್ ಮೆತ್ತೆಯನ್ನು ತುಂಬಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕಾಯಿತು. ಉಗುರನ್ನು ನೇರವಾಗಿ, ಚಿಕ್ಕದಾಗಿ ಕತ್ತರಿಸಿರಬೇಕು. ಇಷ್ಟು ಮಾಡಿದ ವಾರದಲ್ಲಿಯೇ ಗುಳ್ಳೆಗಳು ನಿಂತವು.

ನಾಟಕ ಶಾಲೆಯೊಂದರ ಸಭಾಂಗಣದಲ್ಲಿ ನಡೆಯಿತು. ಮರದ ಹಲಗೆಯ ವೇದಿಕೆ. ಹಿಂದಿನ ದಿನವೇ ಹೋಗಿ ಮಂಡಿಯೂರಿ ಹಲಗೆಗಳ ಸಂದುಗಳನ್ನೆಲ್ಲ ಬೆರಳಿನಿಂದ ತಡವಿ ನೋಡಿ, ಹೀಲು ಇಳಿಯಬಹುದಾದ ನಾಲ್ಕು ಕಡೆ ದಪ್ಪ ಟೇಪು ಹಚ್ಚಿದೆ. ಎರಡು ದೃಶ್ಯ ಸೇರಿ 12 ನಿಮಿಷ ನಾನು ಕೊಕ್ಕರೆಯಾಗಿದ್ದೆ. ಬಿಳಿ ಲಂಗದ ಅಂಚಿನಿಂದ ಕೆಳಗೆ ಕಾಣುತ್ತಿದ್ದ ಉದ್ದ ಕಾಲುಗಳಲ್ಲಿ ಹಿಮ್ಮಡಿ ಎತ್ತರದಲ್ಲಿ ಬಾಗಿ, ಕೆಳಗೆ ಬೆರಳಿನ ತುದಿಯೊಂದೇ ನೆಲದಲ್ಲಿತ್ತು. ನೀರೊಳಗಿಂದ ಎತ್ತಿದಂತೆ ಒಂದೊಂದು ಹೆಜ್ಜೆಯನ್ನೂ ಎತ್ತಿ ಇಟ್ಟೆ. ನೋಟವನ್ನು ಸಭಾಂಗಣದ ಹಿಂಬದಿಯ ಗಡಿಯಾರದ ಮೇಲೆ ಇಟ್ಟಿದ್ದೆ. ನನಗದು ತೆಂಗಿನ ಗರಿ. ಮುಂದಿನ ಸಾಲಿನ ಮಗುವೊಂದು, "ಅದು ನಿಜವಾದ ಕಾಲಾ?" ಎಂದು ಅಮ್ಮನನ್ನು ಕೇಳಿದ್ದು ನನಗೆ ವೇದಿಕೆಯ ಮೇಲೆಯೇ ಕೇಳಿಸಿತು. ಆ ಕ್ಷಣದ ಸಂತೋಷಕ್ಕೆ ನಾನು ಮತ್ತೆ ಎರಡು ವರ್ಷ ಕೊಡಬಲ್ಲೆ.

ನಾಟಕ ಮುಗಿದ ಮೇಲೂ ಏಕೆ ತೊಡುತ್ತೀಯ ಎಂದು ಗೆಳತಿಯರು ಕೇಳುತ್ತಾರೆ. ಹೀಲ್ಸ್ ಎಂದರೆ ಹೆಣ್ಣಿನ ಕಾಲಿಗೆ ಹಾಕಿದ ಸಂಕೋಲೆ ಎಂದು ನಂಬಿರುವ ಒಬ್ಬಳು ನನ್ನ ಜೊತೆ ಗಂಭೀರವಾಗಿ ವಾದಿಸಿದಳು. ಅವಳ ಮಾತಿನಲ್ಲಿ ಸತ್ಯವಿದೆ. ಕೆಲಸದ ಜಾಗದಲ್ಲಿ ಹೀಲ್ಸ್ ಕಡ್ಡಾಯ ಮಾಡುವುದರ ವಿರುದ್ಧ 2019ರಲ್ಲಿ ಜಪಾನಿನ ಹೆಂಗಸರು ದನಿಯೆತ್ತಿದಾಗ ನಾನು ಮನಸ್ಸಿನಲ್ಲೇ ಅವರ ಜೊತೆಗಿದ್ದೆ, ಈಗಲೂ ಇದ್ದೇನೆ. ಎಂಟು ಗಂಟೆ ನಿಂತು ದುಡಿಯುವವಳ ಕಾಲಿಗೆ ಎರಡು ಇಂಚಿನ ಹೀಲನ್ನು ಇನ್ನೊಬ್ಬರು ಹೇರುವುದು ಅನ್ಯಾಯ. ನಾನು 7 ಇಂಚಿನ ಹೀಲನ್ನು ನನ್ನ ಮನೆಯಲ್ಲಿ, ನನ್ನ ಗಡಿಯಾರದ ಲೆಕ್ಕದಲ್ಲಿ, ಜೋಮು ಬಂದಾಗ ಬಿಚ್ಚುವ ಸ್ವಾತಂತ್ರ್ಯದೊಂದಿಗೆ ತೊಡುತ್ತೇನೆ. ಕಾಲೇಜಿಗೆ ಹೋಗುವುದು ಚಪ್ಪಟೆ ಚಪ್ಪಲಿಯಲ್ಲಿಯೇ. ಆರಾಮ ಎಂಬ ಪದವನ್ನು ಈ ಜೋಡಿನ ವಿಷಯದಲ್ಲಿ ಬಳಸುವಾಗ ನಾನು ಆ 20 ನಿಮಿಷದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ಆ ಹೊತ್ತಿನಲ್ಲಿ ನನ್ನ ಉಸಿರು ಬಿಗಿಯುವುದಿಲ್ಲ, ಹಲ್ಲು ಕಚ್ಚುವುದಿಲ್ಲ, ಕೈಗಳು ಗೋಡೆಯನ್ನು ಹುಡುಕುವುದಿಲ್ಲ. ಅಮ್ಮ ಕಾಫಿ ಕೊಟ್ಟರೆ ಲೋಟ ಹಿಡಿದು ನಡುಮನೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತೇನೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಹೀಲಿನ ತುದಿಯ ರಬ್ಬರ್ ಬಿಲ್ಲೆ ಎರಡು ಮೂರು ತಿಂಗಳಿಗೊಮ್ಮೆ ಸವೆಯುತ್ತದೆ. ಅಗ್ರಹಾರದ ಬಳಿ ಕೊಡೆ, ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು ಬದಲಾಯಿಸಿ ಕೊಡುತ್ತಾರೆ. ಮೊದಲ ಸಲ ಜೋಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಸವೆದ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿ, "ಎಡಗಾಲು ಹೊರಕ್ಕೆ ವಾಲುತ್ತೆ ಮೇಡಂ, ಜೋಪಾನ" ಎಂದಿದ್ದರು. ಕಾಲು ಉಳುಕಿದ್ದು ಅದಾದ ಮೂರು ವಾರಕ್ಕೆ. ಹೋದ ಶನಿವಾರ ಮತ್ತೆ ಕೊಟ್ಟೆ. ಈ ಸಲವೂ ಅವರು ಎರಡು ಹೀಲುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬಲದ್ದು ಸಮವಾಗಿ ಸವೆದಿದೆಯಂತೆ, ಎಡದ್ದು ಈಗಲೂ ಹೊರ ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು. ಹಳೆಯ ಬಿಲ್ಲೆಗಳನ್ನು ಕಿತ್ತು, ಹೊಸದನ್ನು ಅಂಟಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೊಟ್ಟರು. ಎಡಗಾಲಿಗೆ ಚೆಂಡಿನ ಅಭ್ಯಾಸವನ್ನು ಸೋಮವಾರದಿಂದ ಮತ್ತೆ ಶುರು ಮಾಡಿದ್ದೇನೆ.